ಹಿತ್ತಿಲಿನಲ್ಲಿ ಎಡಿಯು ಕಟ್ಟಲು ನಗರದ ಪರವಾನಗಿ: ಅರ್ಜಿ ಎರಡು ಬಾರಿ ಹಿಂದಿರುಗಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನಾವು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯ ಒಂದು ನಗರದಲ್ಲಿ, 1961ರಲ್ಲಿ ಕಟ್ಟಿದ ಒಂದಂತಸ್ತಿನ ಸ್ವಂತ ಮನೆಯಲ್ಲಿದ್ದೇವೆ. ಮುಖ್ಯ ಮನೆ 1,560 ಚದರಡಿ ಇದೆ, ನಿವೇಶನ ಸುಮಾರು 6,000 ಚದರಡಿ. ಅತ್ತೆ-ಮಾವ ಇನ್ನು ಮುಂದೆ ನಮ್ಮೊಂದಿಗೇ ಇರುವುದೆಂದು ನಿಶ್ಚಯವಾಗಿದೆ. ಅತ್ತೆಯವರಿಗೆ ಮೊಣಕಾಲಿನ ತೊಂದರೆ ಇರುವುದರಿಂದ, ಮೆಟ್ಟಿಲುಗಳಿಲ್ಲದ, ಮಲಗುವ ಕೋಣೆಗೆ ಬಚ್ಚಲುಮನೆ ಹತ್ತಿರವಿರುವ, ಅವರದೇ ಆದ ಅಡುಗೆಮನೆಯುಳ್ಳ ಒಂದು ಚಿಕ್ಕ ಮನೆಯನ್ನು ಹಿತ್ತಿಲಿನಲ್ಲಿ ಪ್ರತ್ಯೇಕವಾಗಿ ಕಟ್ಟಿಸಬೇಕೆಂಬುದು ನಮ್ಮ ಉದ್ದೇಶ. ಇದನ್ನೇ ಇಲ್ಲಿ ಎಡಿಯು (ಆಕ್ಸೆಸರಿ ಡ್ವೆಲ್ಲಿಂಗ್ ಯೂನಿಟ್, ಅಂದರೆ ಮುಖ್ಯ ಮನೆಯ ನಿವೇಶನದಲ್ಲೇ ಇರುವ ಎರಡನೆಯ ಚಿಕ್ಕ ಮನೆ) ಎನ್ನುತ್ತಾರೆ ಎಂಬುದು ತಮಗೆಲ್ಲ ತಿಳಿದಿದೆ. ನಮ್ಮ ನಕ್ಷೆಯ ಪ್ರಕಾರ ಅದು 780 ಚದರಡಿ, ಎರಡು ಕೋಣೆಗಳು, ಹಿಂದಿನ ಬೇಲಿಯಿಂದ ನಾಲ್ಕು ಅಡಿ ಬಿಟ್ಟು ಬರುತ್ತದೆ.

ಅರ್ಜಿ ಸಲ್ಲಿಸಿ ಐದು ತಿಂಗಳಾಯಿತು. ಇದುವರೆಗೆ ಎರಡು ಬಾರಿ ‘ಅಪೂರ್ಣ’ ಎಂಬ ಷರಾದೊಂದಿಗೆ ಹಿಂದಿರುಗಿದೆ. ಮೊದಲ ಸಲ, ನಿವೇಶನದ ನಕ್ಷೆಯಲ್ಲಿ ಗಡಿರೇಖೆಗಳೂ ಈಸ್‌ಮೆಂಟುಗಳೂ (ನಮ್ಮ ನಿವೇಶನದಲ್ಲಿ ಇತರರ ಬಳಕೆಗೆಂದು ನೋಂದಣಿಯಾಗಿರುವ ಪಟ್ಟಿಗಳು) ಸರಿಯಾಗಿ ತೋರಿಸಿಲ್ಲವೆಂದರು. ಎರಡನೆಯ ಸಲ, ಇಂಧನ ದಕ್ಷತೆಯ ವರದಿಗೆ ಸಹಿ ಇಲ್ಲ, ವಿದ್ಯುತ್ ಪ್ಯಾನೆಲ್‌ನ ಲೋಡ್ ಲೆಕ್ಕಾಚಾರ ಇಲ್ಲ, ಒಳಚರಂಡಿಯ ಕೊಳವೆ ಎಲ್ಲಿ ಸೇರುತ್ತದೆಂಬುದು ಕಾಣುತ್ತಿಲ್ಲ ಎಂದರು. ನಕ್ಷೆ ಬರೆದುಕೊಟ್ಟವರು ಪ್ರತಿ ಸಲವೂ ಕೇಳಿದ್ದನ್ನಷ್ಟೇ ತುಂಬಿ ಕಳುಹಿಸುತ್ತಿದ್ದಾರೆ. ರಾಜ್ಯದ ಕಾನೂನಿನ ಪ್ರಕಾರ ನಗರವು 60 ದಿನಗಳೊಳಗೆ ತೀರ್ಮಾನಿಸಬೇಕು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹಾಗಾದರೆ ನಮ್ಮ 60 ದಿನಗಳು ಎಲ್ಲಿ ಹೋದವು? ನಮ್ಮ ಬೀದಿಯಲ್ಲಿ ವಾಹನ ನಿಲ್ಲಿಸಲು ಜಾಗ ಕಡಿಮೆ. ಅದೇ ಕಾರಣಕ್ಕೆ ನಿರಾಕರಿಸುವ ಸಾಧ್ಯತೆ ಇದೆಯೇ? ಶುಲ್ಕ ಎಷ್ಟಾಗಬಹುದು, ಇಡೀ ಮನೆಯ ಆಸ್ತಿ ತೆರಿಗೆ ಏರುತ್ತದೆಯೇ? ಇದನ್ನೆಲ್ಲ ಬಿಟ್ಟು ಗ್ಯಾರೇಜನ್ನೇ ಮನೆಯಾಗಿ ಬದಲಿಸಿಕೊಳ್ಳುವುದು ಸುಲಭವೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ತಂದೆ-ತಾಯಿಗಾಗಿ ಎಡಿಯು ಕಟ್ಟಿಸಿದವರು

ನಮಸ್ಕಾರ. ನಿಮ್ಮ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನಮ್ಮ ಅರ್ಜಿಯೂ ಒಮ್ಮೆ ಹೀಗೆಯೇ ಹಿಂದಿರುಗಿತ್ತು. ಪಕ್ಕದ ಮನೆಯವರು ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. 2019ರಲ್ಲಿ ಅಂಗೀಕಾರವಾಗಿ 2020ರ ಜನವರಿ 1ರಿಂದ ಜಾರಿಗೆ ಬಂದ ಎಬಿ 68 ಮತ್ತು ಎಬಿ 881 ಕಾನೂನುಗಳು (ಎಬಿ ಎಂದರೆ ರಾಜ್ಯದ ಅಸೆಂಬ್ಲಿಯ ಮಸೂದೆ), ಅದಕ್ಕೆ ಮೊದಲು ಇದ್ದ 120 ದಿನಗಳ ಗಡುವನ್ನು 60 ದಿನಗಳಿಗೆ ಇಳಿಸಿದವು. ಆದರೆ ಆ ಎಣಿಕೆ ಶುರುವಾಗುವುದು ನೀವು ಅರ್ಜಿ ಕೊಟ್ಟ ದಿನದಿಂದಲ್ಲ, ಪೂರ್ಣವಾದ ಅರ್ಜಿ ನಗರದ ಕೈಸೇರಿದ ದಿನದಿಂದ. ನಿಮ್ಮದು ಇನ್ನೂ ಅಪೂರ್ಣ ಎಂದೇ ದಾಖಲಾಗಿದ್ದರೆ, ಐದು ತಿಂಗಳು ಕಳೆದಿದ್ದರೂ ಕಾನೂನಿನ ಲೆಕ್ಕದಲ್ಲಿ ಒಂದು ದಿನವೂ ಕಳೆದಿಲ್ಲ. ಕೇಳಲು ಕಷ್ಟವಾದರೂ ವಿಷಯ ಇಷ್ಟೇ.

ಇದರ ಇನ್ನೊಂದು ಮುಖ ನಿಮಗೆ ಧೈರ್ಯ ಕೊಡುವಂಥದ್ದು. ಇಲ್ಲಿ ಎಡಿಯುವಿನ ಮಂಜೂರಾತಿ ಯಾರ ಕೃಪೆಯೂ ಅಲ್ಲ. ಲಿಖಿತ ಮಾನದಂಡಗಳಿಗೆ ನಕ್ಷೆ ಹೊಂದಿದರೆ ಅಧಿಕಾರಿ ಒಪ್ಪಲೇಬೇಕು, ಅವರ ವೈಯಕ್ತಿಕ ವಿವೇಚನೆಗೆ ಅಲ್ಲಿ ಜಾಗವಿಲ್ಲ, ಸಾರ್ವಜನಿಕ ವಿಚಾರಣೆಯೂ ಇಲ್ಲ, ನೆರೆಹೊರೆಯವರ ಆಕ್ಷೇಪಣೆಯನ್ನು ಆಧರಿಸಿ ತಿರಸ್ಕರಿಸುವಂತೆಯೂ ಇಲ್ಲ. ಪಕ್ಕದಲ್ಲಿ ಮತ್ತು ಹಿಂಬದಿಯಲ್ಲಿ ನಾಲ್ಕು ಅಡಿ ಬಿಟ್ಟು, 16 ಅಡಿ ಎತ್ತರದೊಳಗೆ ಕಟ್ಟುವ 800 ಚದರಡಿಯವರೆಗಿನ ಎಡಿಯುವನ್ನು ನಗರದ ‘ನಿವೇಶನದಲ್ಲಿ ಇಷ್ಟು ಶೇಕಡಾ ಮಾತ್ರ ಕಟ್ಟಬೇಕು’ ಎಂಬಂತಹ ನಿಯಮಗಳು ತಡೆಯಲಾರವು. ನಿಮ್ಮ 780 ಚದರಡಿ ಆ ಮಿತಿಯೊಳಗೇ ಇದೆ. ಆದ್ದರಿಂದ ನಿಮ್ಮ ಕೆಲಸ ಯಾರನ್ನೋ ಒಪ್ಪಿಸುವುದಲ್ಲ, ಕಡತವನ್ನು ಪೂರ್ಣಗೊಳಿಸುವುದು.

ವಾಹನ ನಿಲುಗಡೆಯ ಚಿಂತೆಯನ್ನು ಬಹುಮಟ್ಟಿಗೆ ಬಿಡಬಹುದು. ನಿಮ್ಮ ಮನೆಯಿಂದ ಅರ್ಧ ಮೈಲಿ ನಡೆದರೆ ಸಾರ್ವಜನಿಕ ಸಾರಿಗೆ ಸಿಗುವಂತಿದ್ದರೆ ನಗರವು ಎಡಿಯುವಿಗೆಂದು ಪ್ರತ್ಯೇಕ ಪಾರ್ಕಿಂಗ್ ಕೇಳುವಂತಿಲ್ಲ, ಅದಕ್ಕೆ ರೈಲು ನಿಲ್ದಾಣವೇ ಆಗಬೇಕೆಂದಿಲ್ಲ, ನಿಗದಿತ ಮಾರ್ಗದ ಬಸ್ಸು ನಿಲ್ಲುವ ಒಂದು ಕಂಬವೂ ಸಾಕು. ಅಷ್ಟು ದೂರದಲ್ಲಿ ಏನೂ ಇಲ್ಲದಿದ್ದರೂ ಒಂದಕ್ಕಿಂತ ಹೆಚ್ಚು ಜಾಗ ಕೇಳಲಾರರು. ಅದನ್ನು ನಿಮ್ಮ ಡ್ರೈವ್‌ವೇಯಲ್ಲೇ ತೋರಿಸಬಹುದು.

ಶುಲ್ಕದ ವಿಷಯದಲ್ಲಿ ಮಾತ್ರ ನಿಮ್ಮ ನಕ್ಷೆಯನ್ನು ಇನ್ನೊಮ್ಮೆ ನೋಡಿ. 750 ಚದರಡಿಗಿಂತ ಚಿಕ್ಕದಾದ ಎಡಿಯುವಿಗೆ ಉದ್ಯಾನ, ರಸ್ತೆ ಮುಂತಾದವುಗಳ ಹೆಸರಿನಲ್ಲಿ ವಿಧಿಸುವ ಇಂಪ್ಯಾಕ್ಟ್ ಶುಲ್ಕ ಇಲ್ಲವೇ ಇಲ್ಲ. ಆ ಗಡಿ ದಾಟಿದರೆ ಮುಖ್ಯ ಮನೆಯ ಅಳತೆಗೆ ಅನುಪಾತವಾಗಿ ವಿಧಿಸುತ್ತಾರೆ. ನಿಮ್ಮ ಮನೆ 1,560, ಎಡಿಯು 780, ಅಂದರೆ ಸರಿಯಾಗಿ ಅರ್ಧ. ಕೇವಲ 30-35 ಚದರಡಿಗಾಗಿ, ಹೊಸ ಮನೆಯೊಂದಕ್ಕೆ ವಿಧಿಸುವ ಇಂಪ್ಯಾಕ್ಟ್ ಶುಲ್ಕದ ಅರ್ಧವನ್ನು ನೀವು ಕಟ್ಟಲು ಹೊರಟಿದ್ದೀರಿ. ಒಂದು ಗೋಡೆಯನ್ನು ಒಂದೆರಡು ಅಡಿ ಒಳಗೆ ತಂದು 745ಕ್ಕೆ ನಿಲ್ಲಿಸಿದರೆ ಅತ್ತೆ-ಮಾವಂದಿರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ನಕ್ಷೆ ಪರಿಶೀಲನೆಯ ಶುಲ್ಕ, ಕಟ್ಟಡ ಪರವಾನಗಿಯ ಶುಲ್ಕ ಇವು ಹೇಗೂ ಇರುತ್ತವೆ. 500 ಚದರಡಿ ಮೀರಿದ್ದರಿಂದ ಶಾಲಾ ಜಿಲ್ಲೆಯ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯ) ಶುಲ್ಕವೂ ಇರುತ್ತದೆ. ಅದನ್ನು ನಗರಕ್ಕಲ್ಲ, ಶಾಲಾ ಜಿಲ್ಲೆಗೆ ನೇರವಾಗಿ ಕಟ್ಟಿ ರಸೀದಿ ತರಬೇಕು. ನಾವು ಆ ರಸೀದಿ ಇಲ್ಲದೆ ಪರವಾನಗಿ ಪಡೆಯಲು ಹೋಗಿ ಕೌಂಟರಿನಿಂದ ವಾಪಸು ಬಂದಿದ್ದೆವು.

ಆಸ್ತಿ ತೆರಿಗೆಯಲ್ಲಿ ಹೊಸದಾಗಿ ಕಟ್ಟಿದ ಭಾಗದ ಮೌಲ್ಯ ಮಾತ್ರ ಸೇರುತ್ತದೆ. ಹಳೆಯ ಮನೆಯ ಮೂಲ ಮೌಲ್ಯ ಹಾಗೆಯೇ ಉಳಿಯುತ್ತದೆ.

ಉತ್ತರ 2: ನಕ್ಷೆ ಮತ್ತು ವಿನ್ಯಾಸದ ಕೆಲಸ ಮಾಡುವ ಎಂಜಿನಿಯರ್

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎದ್ದು ಕಂಡ ವಾಕ್ಯ ‘ಕೇಳಿದ್ದನ್ನಷ್ಟೇ ತುಂಬಿ ಕಳುಹಿಸುತ್ತಿದ್ದಾರೆ’ ಎಂಬುದು. ಅರ್ಜಿಗಳು ತಿಂಗಳುಗಟ್ಟಲೆ ಓಡಾಡುವುದು ಈ ಅಭ್ಯಾಸದಿಂದಲೇ. ನಗರದ ಜಾಲತಾಣದಲ್ಲಿ ಎಡಿಯು ಅರ್ಜಿಗೆ ಬೇಕಾದ ಹಾಳೆಗಳ ಪಟ್ಟಿ ಇರುತ್ತದೆ. ಅದನ್ನು ಮುದ್ರಿಸಿಕೊಂಡು, ಒಂದೊಂದು ಸಾಲಿನ ಮುಂದೆ ನಿಮ್ಮ ನಕ್ಷೆಯ ಯಾವ ಹಾಳೆಯಲ್ಲಿ ಆ ವಿವರ ಇದೆ ಎಂದು ನೀವೇ ಪೆನ್ನಿನಲ್ಲಿ ಬರೆಯಿರಿ. ಹಾಳೆಯ ಸಂಖ್ಯೆ ಬರೆಯಲಾಗದ ಸಾಲುಗಳೇ ನಿಮ್ಮ ಮುಂದಿನ ‘ಅಪೂರ್ಣ’ ಪತ್ರ.

ಈಸ್‌ಮೆಂಟಿನ ವಿಷಯ ಬಹಳ ಮುಖ್ಯ, ಅದನ್ನು ಬರಿಯ ಕಾಗದದ ತಕರಾರು ಎಂದು ತಿಳಿಯಬೇಡಿ. 1950-60ರ ದಶಕಗಳ ಬಡಾವಣೆಗಳಲ್ಲಿ ಹಿಂಬದಿಯ ಬೇಲಿಯ ಉದ್ದಕ್ಕೂ ವಿದ್ಯುತ್ ಕಂಬ, ಚರಂಡಿ ಮುಂತಾದವುಗಳಿಗೆಂದು ಐದು ಅಥವಾ ಹತ್ತು ಅಡಿಯ ಪಟ್ಟಿಯನ್ನು ಬಿಟ್ಟಿರುವುದು ಸಾಮಾನ್ಯ. ನಾಲ್ಕು ಅಡಿ ಸಾಕು ಎಂದು ರಾಜ್ಯದ ಕಾನೂನು ಹೇಳುವುದು ನಗರದ ಸೆಟ್‌ಬ್ಯಾಕ್ ನಿಯಮಕ್ಕೆ, ಅಂದರೆ ಗಡಿಯಿಂದ ಬಿಡಬೇಕಾದ ಅಂತರಕ್ಕೆ, ಸಂಬಂಧಿಸಿದ್ದು. ಇನ್ನೊಬ್ಬರಿಗೆ ನೋಂದಣಿಯಾಗಿರುವ ಹಕ್ಕನ್ನು ಅದು ಅಳಿಸುವುದಿಲ್ಲ. ಆ ಪಟ್ಟಿಯ ಮೇಲೆ ತಳಪಾಯ ಹಾಕುವಂತಿಲ್ಲ. ಮನೆ ಕೊಂಡಾಗ ಟೈಟಲ್ ಕಂಪನಿ (ಆಸ್ತಿಯ ಒಡೆತನದ ದಾಖಲೆ ಪರಿಶೀಲಿಸುವ ಸಂಸ್ಥೆ) ಕೊಟ್ಟ ಪ್ರಾಥಮಿಕ ವರದಿಯನ್ನು ಹುಡುಕಿ ತೆಗೆಯಿರಿ. ಅದರ ಕೊನೆಯಲ್ಲಿ ವಿನಾಯಿತಿಗಳ ಪಟ್ಟಿಯೂ ಬಡಾವಣೆಯ ನಕ್ಷೆಯ ಪ್ರತಿಯೂ ಇರುತ್ತವೆ. ಅಲ್ಲಿ ಚುಕ್ಕಿಗೆರೆಯೊಂದು ಕಂಡರೆ ಅದರ ಅಗಲವನ್ನು ಓದಿಕೊಳ್ಳಿ. ಬೇಲಿಯನ್ನೇ ಗಡಿಯೆಂದು ನಂಬಬೇಡಿ. ಅರವತ್ತು ವರ್ಷಗಳಲ್ಲಿ ಬೇಲಿ ಎಷ್ಟು ಸಲ ಸರಿದಿದೆಯೋ ಹೇಳಲಾಗದು. ನಾಲ್ಕು ಅಡಿಗೆ ಅಂಟಿಕೊಂಡೇ ಕಟ್ಟುವುದಾದರೆ ಪರವಾನಗಿ ಪಡೆದ ಸರ್ವೇಯರ್‌ರಿಂದ ಗಡಿ ಗುರುತಿಸಿಕೊಳ್ಳುವ ಖರ್ಚು ವ್ಯರ್ಥವಲ್ಲ.

ಒಳಚರಂಡಿಯ ಪ್ರಶ್ನೆಯನ್ನು ಅವರು ಕೇಳುವುದಕ್ಕೂ ಕಾರಣವಿದೆ. ಮಲಿನ ನೀರಿನ ನಾಲ್ಕು ಇಂಚಿನ ಕೊಳವೆಗೆ ಸಾಮಾನ್ಯವಾಗಿ ಪ್ರತಿ ಅಡಿಗೆ ಕಾಲು ಇಂಚಿನ ಇಳಿಜಾರು ಕೊಡಬೇಕು. ಹಿತ್ತಿಲಿನಿಂದ ಮುಂಭಾಗದ ಮುಖ್ಯ ಕೊಳವೆಗೆ ಸೇರುವಷ್ಟರಲ್ಲಿ 60 ಅಡಿ ಆಗುವುದಾದರೆ 15 ಇಂಚು ಇಳಿಯಬೇಕಾಗುತ್ತದೆ. ಹಳೆಯ ಕೊಳವೆ ಅಷ್ಟು ಆಳದಲ್ಲಿ ಇಲ್ಲದಿದ್ದರೆ ಪಂಪು ಇಡಬೇಕಾಗುತ್ತದೆ. ಇದು ಈಗಲೇ ತಿಳಿದರೆ ನಕ್ಷೆಯಲ್ಲಿ ಒಂದು ಗೆರೆಯ ಬದಲಾವಣೆ, ತಳಪಾಯ ಹಾಕಿದ ಮೇಲೆ ತಿಳಿದರೆ ಕಾಂಕ್ರೀಟು ಒಡೆಯುವ ಕೆಲಸ. ಮುಖ್ಯ ಮನೆಯ ಪಕ್ಕದಲ್ಲಿರುವ ಕ್ಲೀನ್‌ಔಟ್ (ಚರಂಡಿ ಕೊಳವೆಯನ್ನು ಶುಚಿಗೊಳಿಸಲು ಬಿಟ್ಟ ಬಾಯಿ) ಮುಚ್ಚಳ ತೆಗೆದು, ಟೇಪು ಇಳಿಬಿಟ್ಟು ಆಳ ಅಳೆದರೆ ಮೊದಲ ಅಂದಾಜು ಸಿಗುತ್ತದೆ.

ವಿದ್ಯುತ್ತಿನದು ಬೇರೆಯೇ ಕಥೆ. 1961ರ ಮನೆಯಲ್ಲಿ 100 ಆಂಪಿಯರ್ ಪ್ಯಾನೆಲ್ ಇದ್ದರೆ ಆಶ್ಚರ್ಯವಿಲ್ಲ. ಎಡಿಯುವಿನಲ್ಲಿ ಹೀಟ್ ಪಂಪು, ವಿದ್ಯುತ್ ಒಲೆ, ನೀರು ಕಾಯಿಸುವ ವ್ಯವಸ್ಥೆ ಎಲ್ಲವೂ ಸೇರಿದಾಗ 200 ಆಂಪಿಯರ್‌ಗೆ ಏರಿಸಬೇಕಾಗಬಹುದು. ಹೊಸದಾಗಿ ಪ್ರತ್ಯೇಕವಾಗಿ ಕಟ್ಟುವ ಎಡಿಯುವಿಗೆ ರಾಜ್ಯದ ಇಂಧನ ಸಂಹಿತೆಯಂತೆ ಸೌರ ಫಲಕಗಳೂ ಬೇಕಾಗಬಹುದು, ಆದರೆ ಅವನ್ನು ಮುಖ್ಯ ಮನೆಯ ಚಾವಣಿಯ ಮೇಲೂ ಕೂರಿಸಬಹುದು. ನಗರದ 60 ದಿನಗಳ ಗಡುವು ವಿದ್ಯುತ್ ಕಂಪನಿ ಸಂಪರ್ಕ ಕೊಡುವ ಕೆಲಸಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ನಾನು ನೋಡಿದ ಹಲವು ಮನೆಗಳಲ್ಲಿ ಕಟ್ಟಡ ಸಿದ್ಧವಾಗಿ, ಬಣ್ಣವೂ ಆಗಿ, ಮೀಟರಿಗಾಗಿ ತಿಂಗಳುಗಟ್ಟಲೆ ಕಾದದ್ದುಂಟು. ಆ ಅರ್ಜಿಯನ್ನು ನಗರದ ಅರ್ಜಿಯ ಜೊತೆಗೇ ಹಾಕಿ.

ಇನ್ನು ಗಡುವಿನ ಬಗ್ಗೆ ಎರಡು ಮಾತು. ನಗರವು ನಿರಾಕರಿಸುವುದಾದರೆ ಯಾವ ಯಾವ ಅಂಶ ಸರಿಯಿಲ್ಲ, ಅದನ್ನು ಹೇಗೆ ಸರಿಪಡಿಸಬಹುದು ಎಂಬ ಪೂರ್ಣ ಪಟ್ಟಿಯನ್ನು ಲಿಖಿತವಾಗಿ ಕೊಡಬೇಕೆಂದು 2023ರಿಂದ ಜಾರಿಯಲ್ಲಿರುವ ಎಬಿ 2221 ಹೇಳುತ್ತದೆ. ಅರ್ಜಿ ಪೂರ್ಣವೋ ಅಪೂರ್ಣವೋ ಎಂಬುದನ್ನು 15 ಕೆಲಸದ ದಿನಗಳೊಳಗೆ ತಿಳಿಸಬೇಕೆಂದು 2026ರಿಂದ ಎಸ್‌ಬಿ (ರಾಜ್ಯದ ಸೆನೆಟ್ ಮಸೂದೆ) 543 ನಿಯಮಿಸಿದೆ. ಪೂರ್ಣ ಅರ್ಜಿಯ ಮೇಲೆ 60 ದಿನಗಳಲ್ಲಿ ಒಪ್ಪಿಗೆಯನ್ನೂ ನಿರಾಕರಣೆಯನ್ನೂ ಕೊಡದಿದ್ದರೆ ಅದು ಮಂಜೂರಾದಂತೆಯೇ ಎಂದೂ ಕಾನೂನಿನಲ್ಲಿದೆ. ಆದರೆ ಆ ಅಸ್ತ್ರವನ್ನು ಮೊದಲೇ ಹಿಡಿಯುವುದು ನನ್ನ ಮಟ್ಟಿಗೆ ಸರಿಯಲ್ಲ, ಏಕೆಂದರೆ ಮುಂದೆ ತಳಪಾಯದಿಂದ ಹಿಡಿದು ಅಂತಿಮ ತಪಾಸಣೆಯವರೆಗೆ ಅದೇ ಕಚೇರಿಯ ಸಹಿ ನಿಮಗೆ ಬೇಕು. ಪ್ರತಿ ಸಲ ಸಲ್ಲಿಸಿದಾಗ ಬರುವ ಸ್ವೀಕೃತಿಯ ಇಮೇಲನ್ನು ಒಂದು ಕಡೆ ಜೋಡಿಸಿಡಿ. ‘ಸ್ವಲ್ಪ ಸಮಯ ಬೇಕು’ ಎಂದು ನೀವೇ ಬರೆದುಕೊಟ್ಟರೆ ಅಷ್ಟು ದಿನ ಎಣಿಕೆ ನಿಲ್ಲುತ್ತದೆ, ಅಂಥ ಪತ್ರಕ್ಕೆ ಯೋಚಿಸದೆ ಸಹಿ ಹಾಕಬೇಡಿ.

ನೀವು ಇನ್ನೂ ವಿನ್ಯಾಸವನ್ನು ಬದಲಿಸಲು ಸಿದ್ಧರಿದ್ದರೆ, ನಗರವು ಮೊದಲೇ ಅನುಮೋದಿಸಿಟ್ಟ ಎಡಿಯು ನಕ್ಷೆಗಳನ್ನೂ ನೋಡಿ. ಎಬಿ 1332ರಂತೆ 2025ರ ಜನವರಿ 1ರೊಳಗೆ ನಗರಗಳು ಇಂಥ ವ್ಯವಸ್ಥೆ ಮಾಡಬೇಕಿತ್ತು. ಅವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಗಡುವು 30 ದಿನ. ಆದರೂ ನಿವೇಶನದ ನಕ್ಷೆ, ಈಸ್‌ಮೆಂಟು, ಚರಂಡಿ, ವಿದ್ಯುತ್ತು ಇವೆಲ್ಲ ನಿಮ್ಮದೇ ಆಗಿರಬೇಕು. ನಿಮ್ಮ ಅರ್ಜಿ ಎಡವಿರುವುದು ಅಲ್ಲಿಯೇ.

ಉತ್ತರ 3: ಗ್ಯಾರೇಜನ್ನು ಮನೆಯಾಗಿಸಿದವರು

ಗ್ಯಾರೇಜಿನ ಬಗ್ಗೆ ಕೇಳಿದ್ದೀರಿ, ನಾವು ಅದನ್ನೇ ಮಾಡಿದ್ದೇವೆ. ಕಾಗದಪತ್ರದ ಮಟ್ಟಿಗೆ ಅದು ಹಗುರ ನಿಜ. ಗೋಡೆ ಈಗಾಗಲೇ ಇರುವಲ್ಲೇ ಇರುವುದರಿಂದ ಸೆಟ್‌ಬ್ಯಾಕ್ ಪ್ರಶ್ನೆ ಏಳುವುದಿಲ್ಲ, ಹೋದ ವಾಹನ ನಿಲುಗಡೆಯ ಬದಲಿಗೆ ಬೇರೆ ಜಾಗ ತೋರಿಸಿ ಎಂದು ನಗರ ಕೇಳುವಂತಿಲ್ಲ, ಮುಖ್ಯ ಮನೆಗೆ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಕಡ್ಡಾಯವಲ್ಲದಿದ್ದರೆ ಎಡಿಯುವಿಗೂ ಕೇಳುವಂತಿಲ್ಲ. ಆದರೆ ಕಾರಿಗಾಗಿ ಕಟ್ಟಿದ್ದನ್ನು ಮನುಷ್ಯರು ಮಲಗುವ ಕೋಣೆ ಮಾಡುವಾಗ ಕೆಲಸ ಕಟ್ಟಡದಲ್ಲೇ ಕಾದಿರುತ್ತದೆ. ಚಾವಣಿಯ ಎತ್ತರ ಏಳು ಅಡಿ ಉಳಿಯಬೇಕು, ನೆಲದ ತೇವ ತಡೆಯಬೇಕು, ಗೋಡೆಗೂ ಚಾವಣಿಗೂ ಶಾಖನಿರೋಧಕ ತುಂಬಬೇಕು.

ನಮಗೆ ಪೆಟ್ಟು ಬಿದ್ದದ್ದು ಒಂದು ಕಿಟಕಿಯಿಂದ. ಮಲಗುವ ಕೋಣೆಯಲ್ಲಿ ಬೆಂಕಿ ಬಿದ್ದಾಗ ಹೊರಬರಲು ಆಗುವಂತಹ ಕಿಟಕಿ ಇರಬೇಕು, ಅದರ ತೆರೆದ ಭಾಗ ಕನಿಷ್ಠ 20 ಇಂಚು ಅಗಲ, 24 ಇಂಚು ಎತ್ತರ, ನೆಲಮಟ್ಟದ ಕೋಣೆಯಲ್ಲಿ ಒಟ್ಟು ಐದು ಚದರಡಿ ಇರಬೇಕು, ಕೆಳ ಅಂಚು ನೆಲದಿಂದ 44 ಇಂಚು ಮೀರಬಾರದು. ನಮ್ಮ ಗುತ್ತಿಗೆದಾರರು ಮೂರಡಿ ಅಗಲದ ಜಾರುವ ಕಿಟಕಿ ತಂದು ಕೂರಿಸಿದರು. ಮೂರಡಿ ಎಂದರೆ 36 ಇಂಚು, ಬೇಕಾದಷ್ಟಾಯಿತು ಎಂದೇ ನಾವೂ ತಿಳಿದೆವು. ತಪಾಸಣೆಗೆ ಬಂದ ಅಧಿಕಾರಿ ಕಿಟಕಿಯನ್ನು ಪೂರ್ತಿ ಸರಿಸಿ ಟೇಪು ಹಿಡಿದರು. ಜಾರುವ ಕಿಟಕಿ ತೆರೆಯುವುದು ಅರ್ಧ ಮಾತ್ರ, ಚೌಕಟ್ಟು ಕಳೆದು ಸಿಕ್ಕಿದ್ದು ಹದಿನಾರೂವರೆ ಇಂಚು. ಹೊರಗಿನ ಗಾರೆಯೂ ಆಗಿತ್ತು. ಗೋಡೆ ಕತ್ತರಿಸಿ, ಬಾಗಿಲಿನಂತೆ ಹೊರಕ್ಕೆ ತೆರೆದುಕೊಳ್ಳುವ ಕಿಟಕಿ ತರಿಸಿ, ಮತ್ತೆ ಗಾರೆ ಮಾಡಿಸುವಷ್ಟರಲ್ಲಿ ಐದು ವಾರ ಹೋಯಿತು. ನಕ್ಷೆಯಲ್ಲಿ ಕಿಟಕಿಯ ಅಳತೆ ಬರೆದಿದ್ದಾಗ ಅದು ತೆರೆದಾಗ ಎಷ್ಟು ಎಂದು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ನಿಮ್ಮ ಅತ್ತೆಯವರಿಗಾಗಿ ಇನ್ನೊಂದು ಮಾತು. ಹೊಸದಾಗಿ ಕಟ್ಟುವುದಾದರೆ ಬಚ್ಚಲುಮನೆಯ ಗೋಡೆಯೊಳಗೆ, ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ, ಹಿಡಿಕಂಬಿ ಬಿಗಿಯಲು ಮರದ ಆಧಾರಪಟ್ಟಿಗಳನ್ನು ಈಗಲೇ ನಕ್ಷೆಯಲ್ಲಿ ಬರೆಸಿ. ಗೋಡೆ ಮುಚ್ಚುವ ಮೊದಲು ಅದು ಒಂದು ಗಂಟೆಯ ಕೆಲಸ. ಬಾಗಿಲುಗಳು ತೆರೆದಾಗ 32 ಇಂಚು ಸಿಗಲಿ, ಸ್ನಾನದ ಜಾಗಕ್ಕೆ ಹೊಸ್ತಿಲು ಬೇಡ. ಇವೆಲ್ಲ ನಮ್ಮ ಗ್ಯಾರೇಜಿನ ಅಳತೆಯಲ್ಲಿ ಹಿಡಿಸಲಿಲ್ಲ. ನಿಮಗೆ ಹಿತ್ತಿಲಿನಲ್ಲಿ ಜಾಗವಿದೆ, ಹೊಸದನ್ನೇ ಕಟ್ಟಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಂಜಿನಿಯರ್ ಅವರ ಉತ್ತರ ಓದಿದ ರಾತ್ರಿಯೇ ಮನೆ ಕೊಂಡಾಗಿನ ಕಡತವನ್ನು ತೆಗೆದು ನೋಡಿದೆವು. ಬಡಾವಣೆಯ ನಕ್ಷೆಯಲ್ಲಿ ನಮ್ಮ ಹಿಂದಿನ ಗಡಿಯ ಉದ್ದಕ್ಕೂ ಚುಕ್ಕಿಗೆರೆ ಇದೆ, ಅದರ ಪಕ್ಕದಲ್ಲಿ ಐದು ಅಡಿ ಎಂದು ಬರೆದಿದೆ. ನಾವು ಗೋಡೆ ತೋರಿಸಿದ್ದು ನಾಲ್ಕು ಅಡಿಗೆ. ಒಂದು ಅಡಿ ಈಸ್‌ಮೆಂಟಿನ ಮೇಲೆಯೇ ಕೂತಿತ್ತು. ಇದು ಗೊತ್ತಾಗದೆ ತಳಪಾಯ ಹಾಕಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ, ಅರ್ಜಿ ಹಿಂದಿರುಗಿದ್ದಕ್ಕೆ ಈಗ ಬೇಸರವಿಲ್ಲ.

ಮನೆಯನ್ನು ಹಿಂದಿನ ಗಡಿಯಿಂದ ಆರು ಅಡಿ ದೂರಕ್ಕೆ ತಂದು, 745 ಚದರಡಿಗೆ ಇಳಿಸಿ ಹೊಸ ನಕ್ಷೆ ಬರೆಸುತ್ತಿದ್ದೇವೆ. ಕ್ಲೀನ್‌ಔಟ್ ಆಳ 31 ಇಂಚು ಬಂತು, ಪಂಪು ಬೇಕಾಗಲಾರದು ಎಂದು ನಕ್ಷೆಯವರು ಹೇಳಿದರು. ವಿದ್ಯುತ್ ಕಂಪನಿಗೂ ಅರ್ಜಿ ಹಾಕಿದ್ದೇವೆ. ಒಂದು ಕೊನೆಯ ಪ್ರಶ್ನೆ: ಒಬ್ಬ ಗುತ್ತಿಗೆದಾರರು, ಪರವಾನಗಿ ಬರುವ ಮೊದಲೇ ತಮ್ಮ ಕೆಲಸದ ಸರದಿಯಲ್ಲಿ ನಮಗೆ ಜಾಗ ಕಾಯ್ದಿರಿಸಲು 20,000 ಡಾಲರ್ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ 4: ಮುಂಗಡ ಕಳೆದುಕೊಂಡವರು

ದಯವಿಟ್ಟು ಕೊಡಬೇಡಿ. ನಾವು ಇದಕ್ಕಿಂತ ಹೆಚ್ಚಿನ ಮೊತ್ತವನ್ನು ಒಂದು ಕಂಪನಿಗೆ ಇದೇ ಕಾರಣಕ್ಕೆ ಕೊಟ್ಟಿದ್ದೆವು. ನಮ್ಮ ನಕ್ಷೆ ಮಂಜೂರಾಗುವ ಮೊದಲೇ ಅವರ ಬಾಗಿಲು ಮುಚ್ಚಿತು. ಹಣ ಇಂದಿಗೂ ಬಂದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಮನೆಯ ಕೆಲಸದ ಒಪ್ಪಂದಕ್ಕೆ ಗುತ್ತಿಗೆದಾರರು ಪಡೆಯಬಹುದಾದ ಮುಂಗಡ, ಒಪ್ಪಂದದ ಮೊತ್ತದ ಶೇಕಡಾ 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ. ರಾಜ್ಯದ ಗುತ್ತಿಗೆದಾರರ ಪರವಾನಗಿ ಮಂಡಳಿಯಲ್ಲಿ ವಿಶೇಷ ಬಾಂಡ್ ಇಟ್ಟಿರುವ ಕೆಲವರಿಗಷ್ಟೇ ಇದರಿಂದ ವಿನಾಯಿತಿ ಇದೆ. ಅದು ಇದೆಯೇ ಎಂಬುದನ್ನು ಮಂಡಳಿಯ ಜಾಲತಾಣದಲ್ಲಿ ಅವರ ಲೈಸೆನ್ಸ್ ಸಂಖ್ಯೆ ಹಾಕಿದರೆ ನೋಡಬಹುದು. ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಕಾರ್ಮಿಕರ ವಿಮೆ ಇದೆಯೇ, ದೂರುಗಳಿವೆಯೇ ಎಂಬುದೂ ಅದೇ ಪುಟದಲ್ಲಿ ಕಾಣುತ್ತದೆ. ನಂತರದ ಕಂತುಗಳನ್ನು ಮುಗಿದ ಕೆಲಸಕ್ಕೆ ಮಾತ್ರ ಕೊಡಿ. ನಾವು ಎರಡನೆಯ ಸಲ ಒಪ್ಪಂದ ಮಾಡಿಕೊಂಡಾಗ ಪ್ರತಿ ಕಂತನ್ನೂ ನಗರದ ಒಂದೊಂದು ತಪಾಸಣೆಗೆ ಕಟ್ಟಿಹಾಕಿದೆವು: ತಳಪಾಯದ ಕಬ್ಬಿಣವನ್ನು ಅಧಿಕಾರಿ ನೋಡಿ ಸಹಿ ಹಾಕಿದ ಮೇಲೆ ಒಂದು ಕಂತು, ಮರದ ಚೌಕಟ್ಟಿನ ತಪಾಸಣೆಯ ಮೇಲೆ ಇನ್ನೊಂದು, ಅಂತಿಮ ತಪಾಸಣೆಯ ಮೇಲೆ ಕೊನೆಯದು. ಆ ಸಲ ಗುತ್ತಿಗೆದಾರರೂ ಮರುಮಾತಿಲ್ಲದೆ ಒಪ್ಪಿದರು.

ಪರವಾನಗಿ ಕೈಗೆ ಬಂದ ದಿನದಿಂದ ಕೆಲಸ ಶುರು ಮಾಡಲು ನಿಮಗೆ 12 ತಿಂಗಳ ಅವಕಾಶವಿರುತ್ತದೆ. ಕಾಯ್ದಿರಿಸುವ ಆತುರ ಅವರದ್ದು, ನಿಮ್ಮದಲ್ಲ.